ಬಾರ್ನಕಲ್‌ಗಳೊಡನೆ ಎಂಟು ವರ್ಷ

ಇಳಿತದ ಹೊತ್ತಿನಲ್ಲಿ ಬಾಂದ್ರಾದ ಸಮುದ್ರದಂಡೆಯ ಬಂಡೆಗಳ ಮೇಲೆ ಬರಿಗಾಲಲ್ಲಿ ಓಡಾಡಿದವರಿಗೆ ಅಂಗಾಲು ತರಚುವ ಸುಣ್ಣದ ಗುಬುಟುಗಳ ಪರಿಚಯ ಇದ್ದೇ ಇರುತ್ತದೆ. ಮಕ್ಕಳು ಅವನ್ನು ಕಪ್ಪೆಚಿಪ್ಪಿನ ಮರಿಗಳೆಂದು ತಿಳಿಯುತ್ತಾರೆ. ತಪ್ಪೇನಿಲ್ಲ, ದೊಡ್ಡ ಪಂಡಿತರೂ ಬಹುಕಾಲ ಹಾಗೆಯೇ ತಿಳಿದಿದ್ದರು. 1830ರಲ್ಲಿ ವಾನ್ ಥಾಂಪ್ಸನ್ ಎಂಬ ಸೇನಾವೈದ್ಯ ಇದರ ಮರಿಗಳನ್ನು ಪರೀಕ್ಷಿಸಿ, ಇದು ಏಡಿ-ಸಿಗಡಿಗಳ ಬಳಗಕ್ಕೆ ಸೇರಿದ್ದು ಎಂದು ತೋರಿಸಿಕೊಟ್ಟ. ಬಾರ್ನಕಲ್ ಎಂದು ಇದರ ಹೆಸರು. ಎಳವೆಯಲ್ಲಿ ಸ್ವಚ್ಛಂದವಾಗಿ ಈಜಾಡಿ, ಒಂದು ದಿನ ತಲೆಯನ್ನೇ ಬಂಡೆಗೋ ಹಡಗಿನ ತಳಕ್ಕೋ ಅಂಟಿಸಿಕೊಂಡು, ಮುಂದೆ ಸಾಯುವ ತನಕ ಅಲ್ಲೇ ಕುಳಿತು ಗರಿಯಂಥ ಕಾಲುಗಳಿಂದ ನೀರು ಬಾಚಿ ಹೊಟ್ಟೆ ಹೊರೆಯುತ್ತದೆ. ನೌಕರಿಗೆಂದು ಮುಂಬಯಿಗೆ ಬಂದ ನಮಗೆ ಈ ಜೀವನಕ್ರಮ ತೀರ ಅಪರಿಚಿತವೇನಲ್ಲ!

ಈ ಪ್ರಾಣಿಯೊಡನೆ ಚಾರ್ಲ್ಸ್ ಡಾರ್ವಿನ್ ಎಂಟು ವರ್ಷ ಹೆಣಗಿದ ಕಥೆಯನ್ನು ಬಿ.ಎಸ್ಸಿ. ಓದುವಾಗ ನಮಗೆ ಯಾರೂ ಹೇಳಲಿಲ್ಲ. ಪರೀಕ್ಷೆಗೆ ಬರುತ್ತಿದ್ದುದು 1859ರ ಮಹಾಗ್ರಂಥ ಮಾತ್ರ. ಈಚೆಗೆ ಈ ಕಥೆ ನನಗೆ ಮತ್ತೆ ಮತ್ತೆ ನೆನಪಾಗಲು ಕಾರಣ ಬೇರೆ. ತಂದೆಯವರು ತೀರಿಕೊಂಡ ಮೇಲೆ ಊರಿನಿಂದ ತಂದ ಕಾಗದಪತ್ರಗಳ ಟ್ರಂಕು ಮೂರು ವರ್ಷಗಳಿಂದ ನಮ್ಮ ಮಂಚದ ಕೆಳಗಿದೆ. ಖಾತೆ ಬದಲಾವಣೆಗೆ ಅದನ್ನು ಬಿಚ್ಚಲೇಬೇಕು. ಕಚೇರಿಯಲ್ಲಿ ಅನ್ಯರ ಕಡತಗಳನ್ನು ಒಂದು ದಿನವೂ ಬಾಕಿ ಉಳಿಸದ ನಾನು ಅದರ ಬೀಗ ಮುಟ್ಟಿರಲಿಲ್ಲ.

1835ರ ಜನವರಿಯಲ್ಲಿ, ಬೀಗಲ್ ಹಡಗಿನ ಯಾತ್ರೆಯಲ್ಲಿ, ಚಿಲಿ ದೇಶದ ಚೋನೋಸ್ ದ್ವೀಪಗಳ ಬಳಿ ಡಾರ್ವಿನ್ನನಿಗೆ ಒಂದು ವಿಚಿತ್ರ ಬಾರ್ನಕಲ್ ಸಿಕ್ಕಿತು. ಅದಕ್ಕೆ ಸ್ವಂತ ಚಿಪ್ಪಿಲ್ಲ. ಬೇರೊಂದು ಪ್ರಾಣಿಯ ಚಿಪ್ಪಿನಲ್ಲಿ ಬಿಲ ಕೊರೆದು ಬಾಡಿಗೆದಾರನಂತೆ ಕೂತಿತ್ತು. ಯಾತ್ರೆಯ ಉಳಿದ ಕೆಲಸಗಳೆಲ್ಲ ಮುಗಿದ ಮೇಲೆ, 1846ರ ಅಕ್ಟೋಬರ್ 1ರಂದು ಅದನ್ನು ಕೈಗೆತ್ತಿಕೊಂಡ. ಕೆಲವು ತಿಂಗಳ ಕೆಲಸ, ಹೆಚ್ಚೆಂದರೆ ಒಂದು ವರ್ಷ ಎಂದು ಲೆಕ್ಕ ಹಾಕಿದ್ದ. ಆದರೆ ಈ ಒಂದನ್ನು ಅರಿಯಬೇಕಾದರೆ ಅದರ ಬಂಧುಗಳನ್ನು ನೋಡಬೇಕು; ಬಂಧುಗಳ ವರ್ಗೀಕರಣವೋ ಪೂರಾ ಗೊಂದಲ, ಒಂದೇ ಪ್ರಾಣಿಗೆ ಹಲವು ಹೆಸರು. ಸರಿ, ಇಡೀ ವಂಶವನ್ನೇ ಸರಿಪಡಿಸಹೊರಟ. ಬ್ರಿಟಿಷ್ ಮ್ಯೂಸಿಯಂನಿಂದಲೂ ಖಾಸಗಿ ಸಂಗ್ರಹಕಾರರಿಂದಲೂ ಪೆಟ್ಟಿಗೆಗಳು ಬಂದು ಬಿದ್ದವು.

ಇದರ ಹಿಂದೆ ಇನ್ನೊಂದು ಕಡತವಿತ್ತು. 1844ರಲ್ಲೇ ಆತ ಜೀವಜಾತಿಗಳ ವಿಕಾಸದ ಬಗ್ಗೆ ಸುಮಾರು 230 ಪುಟಗಳ ಪ್ರಬಂಧ ಬರೆದು, ತಾನು ಸತ್ತರೆ 400 ಪೌಂಡ್ ವೆಚ್ಚಮಾಡಿ ಅದನ್ನು ಪ್ರಕಟಿಸಬೇಕೆಂದು ಹೆಂಡತಿಗೆ ಪತ್ರ ಬರೆದಿಟ್ಟಿದ್ದ. ಬದುಕಿದ್ದಾಗ ಪ್ರಕಟಿಸಲಿಲ್ಲ. ಸ್ವತಃ ಹಲವಾರು ಜಾತಿಗಳನ್ನು ಕೂಲಂಕಷವಾಗಿ ವರ್ಣಿಸದವನಿಗೆ ಜಾತಿಗಳ ಬಗ್ಗೆ ಮಾತಾಡುವ ಹಕ್ಕಿಲ್ಲ ಎಂದು ಗೆಳೆಯ ಹೂಕರ್ ಬರೆದ ಮಾತು ನಾಟಿತ್ತು. ಜಗತ್ತನ್ನೆದುರಿಸುವ ಕೆಲಸಕ್ಕೆ ಅಂಜಿ ಬಾರ್ನಕಲ್‌ಗಳ ಮರೆಹೊಕ್ಕನೆ? ಈ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕಠಿಣ ಕಾಗದಕ್ಕೆ ಉತ್ತರ ಬರೆಯಬೇಕಾದ ದಿನವೇ ಬೀರು ಒಪ್ಪಮಾಡಲು ಕೂರುವವರನ್ನು ನಾನು ಕಂಡಿದ್ದೇನೆ. ಆದರೆ ಬೀರು ಒಪ್ಪಮಾಡಲು ಎಂಟು ವರ್ಷ ಯಾರೂ ಕೂರುವುದಿಲ್ಲ.

ಮೇಲಾಗಿ ಕಾಯಿಲೆ. ವಾಂತಿ, ನಿಶ್ಶಕ್ತಿ. 1849ರಲ್ಲಿ ಮಾಲ್ವರ್ನ್ ಎಂಬಲ್ಲಿ ಡಾ. ಗಲ್ಲಿಯವರ ತಣ್ಣೀರು ಚಿಕಿತ್ಸೆಗೆ ಹೋದ. ಅನಂತರ ದಿನಕ್ಕೆ ಎರಡೂವರೆ ಗಂಟೆ ಮಾತ್ರ ಕೆಲಸಕ್ಕೆ ಅಪ್ಪಣೆ. ಅದೇ ಮಾಲ್ವರ್ನ್‌ನಲ್ಲಿ 1851ರ ಏಪ್ರಿಲ್ 23ರಂದು ಹತ್ತು ವರ್ಷದ ಮುದ್ದಿನ ಮಗಳು ಆನಿ ತೀರಿಕೊಂಡಳು. ತಂದೆ ಮನೆಗೆ ಮರಳಿ, ಮತ್ತೆ ಅದೇ ಸೂಕ್ಷ್ಮದರ್ಶಕದ ಮುಂದೆ ಕೂತ. ಆ ವರ್ಷವೇ ಮೊದಲ ಸಂಪುಟಗಳು ಹೊರಬಂದವು.

ಬೇಸರವನ್ನೇನೂ ಆತ ಮುಚ್ಚಿಡಲಿಲ್ಲ. ನಿಧಾನವಾಗಿ ಸಾಗುವ ಹಡಗಿನ ನಾವಿಕನೂ ತನ್ನಷ್ಟು ಬಾರ್ನಕಲ್‌ಗಳನ್ನು ದ್ವೇಷಿಸಿರಲಾರ ಎಂದು 1852ರಲ್ಲಿ ಬಂಧುವಿಗೆ ಬರೆದ. (ಹಡಗಿನ ತಳಕ್ಕೆ ಅಂಟಿ ವೇಗ ತಗ್ಗಿಸುವುದು ಇವೇ.) ಎದುರುಮನೆಯವರು ಏನು ಉದ್ಯೋಗ ಮಾಡುತ್ತಾರೆಂದು ಕೇಳುವ ನಮ್ಮ ಮಕ್ಕಳಂತೆ, ಅವನ ಮಗುವೊಂದು ನೆರೆಮನೆಯವರ ಬಗ್ಗೆ 'ಅವರು ತಮ್ಮ ಬಾರ್ನಕಲ್ ಕೆಲಸ ಎಲ್ಲಿ ಮಾಡುತ್ತಾರೆ?' ಎಂದು ಕೇಳಿತಂತೆ! ಆದರೂ ಆ ಬೇಸರದ ನಡುವೆಯೇ ಬಹುಮಾನಗಳೂ ದೊರೆತವು. ಹೆಣ್ಣಿನ ಮೈಗೆ ಅಂಟಿದ್ದ ಸೂಕ್ಷ್ಮ ಪರೋಪಜೀವಿಗಳೆಂದುಕೊಂಡವು ಅದರ ಗಂಡುಗಳೇ ಎಂದು ಗೊತ್ತಾದಾಗ ಹಿಗ್ಗಿದ. ಒಂದೇ ಜಾತಿಯೊಳಗೂ ಪ್ರತಿ ಅಂಗದಲ್ಲಿ ಎಷ್ಟೊಂದು ವ್ಯತ್ಯಾಸ! ಹೆಸರಿಡುವವನಿಗೆ ಇದು ತಲೆನೋವು, ವಿಕಾಸವಾದಿಗೆ ಬೇಕಾದದ್ದೇ ಇದು.

1853ರಲ್ಲಿ ರಾಯಲ್ ಸೊಸೈಟಿ ಪದಕ ನೀಡಿತು. 1854ರ ಸೆಪ್ಟೆಂಬರ್ 9ರಂದು ಎಲ್ಲ ಮಾದರಿಗಳನ್ನು ಕಟ್ಟಿ ಮುಗಿಸಿದ. ಅದೇ ದಿನ ಆ ಹಳೆಯ ಕಡತದ ಟಿಪ್ಪಣಿಗಳನ್ನು ವಿಂಗಡಿಸತೊಡಗಿದ. ಅಷ್ಟು ಸಮಯ ಅದಕ್ಕೆ ತಕ್ಕುದಾಗಿತ್ತೇ ಎಂದು ಮುಪ್ಪಿನಲ್ಲಿ ಆತ ಶಂಕಿಸಿದ್ದುಂಟು. ಮುಂಬಯಿ ಬಂದರಿನಲ್ಲಿ ಇಂದಿಗೂ ಹೇರಳವಾಗಿರುವ ಒಂದು ಪಟ್ಟೆಯ ಬಾರ್ನಕಲ್‌ಗೆ ಆಂಫಿಟ್ರೈಟ್ ಎಂದು ಹೆಸರಿಟ್ಟು 1854ರಲ್ಲಿ ವರ್ಣಿಸಿದವನೂ ಅವನೇ.

ಕಳೆದ ಭಾನುವಾರ ಎರಡೂವರೆ ಗಂಟೆ ಎಂದು ಗಡಿಯಾರ ಎದುರಿಗಿಟ್ಟುಕೊಂಡು ನಾನೂ ಟ್ರಂಕು ತೆರೆದೆ. ತಂದೆಯವರ ಕೈಬರಹ ಕಂಡು ಮೊದಲ ಅರ್ಧ ಗಂಟೆ ಏನೂ ಮಾಡಲಾಗಲಿಲ್ಲ. ಸದ್ಯ 1979ರ ಕಂದಾಯ ರಸೀದಿಗಳವರೆಗೆ ಬಂದಿದ್ದೇನೆ.