ಕ್ಯೂ ಇದೆ, ಯು ಇಲ್ಲ

ಇಂಗ್ಲಿಷ್ ಪದಗಳ ಆಟ ಆಡುವವರ ನಡುವೆ ಒಂದು ಹಳೆಯ ಸವಾಲಿದೆ. ಐದೇ ಅಕ್ಷರದ ಪದ ಹೇಳಬೇಕು. ಅದರಲ್ಲಿ ಕ್ಯೂ ಇರಬೇಕು, ಅದರ ಬೆನ್ನಿಗೆ ಯು ಬರಕೂಡದು. ಕ್ವೀನ್, ಕ್ವಿಕ್, ಕ್ವಶ್ಚನ್ ಎಂದೇ ಕಲಿತು ಬಂದವರಿಗೆ ಇಲ್ಲಿ ನಾಲಿಗೆ ಕಟ್ಟುತ್ತದೆ. ಆಟದಲ್ಲಿ ಪಳಗಿದವರು ಮಾತ್ರ ಪಟ್ಟಿಯನ್ನು ಗಡಗಡನೆ ಒಪ್ಪಿಸುತ್ತಾರೆ: ಫಕೀರ್, ತಲಾಕ್, ನಿಕಾಬ್, ಬುರ್ಕಾ, ಕಿಬ್ಲಾ, ಕನಾತ್.

ಇವರು ಈ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕೆ ಕಾರಣವಿದೆ. ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿರುವುದು 100 ಬಿಲ್ಲೆ. ಅದರಲ್ಲಿ ಕ್ಯೂ ಒಂದೇ ಒಂದು, ಬೆಲೆ 10 ಅಂಕ. ಯು ಇರುವುದು ನಾಲ್ಕು. ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಈ ಆಟ ಕಟ್ಟುವಾಗ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿಯೇ ಬಿಲ್ಲೆಗಳ ಲೆಕ್ಕ ನಿಗದಿ ಮಾಡಿದರು. ನಾಲ್ಕೂ ಯು ಎದುರಾಳಿಯ ಪಾಲಾದರೆ ಕೈಯಲ್ಲಿರುವ ಕ್ಯೂ ಹೊರೆಯೇ ಸರಿ. ಆಗ ಫಕೀರನೇ ಕಾಪಾಡಬೇಕು.

ಆದರೆ ಈ ಪಟ್ಟಿಯನ್ನು ಅಂಕಕ್ಕಷ್ಟೇ ಮೀಸಲಿಟ್ಟರೆ ದೊಡ್ಡದೊಂದು ಕಥೆ ತಪ್ಪಿಹೋಗುತ್ತದೆ. ಕ್ಯೂ–ಯು ಜೋಡಿ ಇಂಗ್ಲಿಷಿನ ಹುಟ್ಟುಗುಣವೇನಲ್ಲ. ಹಳೆಯ ಇಂಗ್ಲಿಷಿನಲ್ಲಿ ರಾಣಿಯನ್ನು ಸಿ ಮತ್ತು ಡಬ್ಲ್ಯು ಸೇರಿಸಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಲ್ಯಾಟಿನ್, ಫ್ರೆಂಚ್ ಓದಿದ ಲಿಪಿಕಾರರ ಕೈಯಲ್ಲಿ ಆ ಜಾಗಕ್ಕೆ ಕ್ಯೂ–ಯು ಬಂತು. ಮುಂದೆ ಅದೇ ನಿಯಮವಾಯಿತು.

ನಮ್ಮ ಪಟ್ಟಿಯ ಪದಗಳು ಬಂದದ್ದು ಅರಬ್ಬಿಯಿಂದ. ಅರಬ್ಬಿಯಲ್ಲಿ ಎರಡು ಬಗೆಯ ಕಕಾರಗಳಿವೆ. ಕಾಫ್ ನಮ್ಮ ಕಕಾರದಂತೆಯೇ. ಇನ್ನೊಂದು ಖಾಫ್, ಗಂಟಲಿನ ಆಳದಲ್ಲಿ, ಕಿರುನಾಲಿಗೆಯ ಹತ್ತಿರ ಹುಟ್ಟುವ ಸದ್ದು. ಇದು ತಪ್ಪಿದರೆ ಅರ್ಥವೇ ತಪ್ಪುತ್ತದೆ. ಆಳದಿಂದ ಹೇಳಿದರೆ ‘ಕಲ್ಬ್’ ಎಂದರೆ ಹೃದಯ, ಮೇಲಿನಿಂದ ಹೇಳಿದರೆ ನಾಯಿ. ಕಿವಿಗೆ ಬಿದ್ದಂತೆ ಬರೆದುಕೊಂಡ ಇಂಗ್ಲಿಷರು ಫಕೀರನಿಗೆ ಕೆ ಹಾಕಿದರು, ಕಾಜಿಗೆ ಸಿ ಹಾಕಿದರು. ವಿದ್ವಾಂಸರಿಗೆ ಎರಡು ಸದ್ದುಗಳನ್ನು ಬೇರೆಬೇರೆಯಾಗಿ ಬರೆಯುವ ದಾರಿ ಬೇಕಿತ್ತು. ಆಳದ ಸದ್ದಿಗೆ ಅವರು ಒಂಟಿ ಕ್ಯೂ ಆರಿಸಿಕೊಂಡರು. ಆಯ್ಕೆ ಸರಿಯಾಗಿಯೇ ಇತ್ತು. ಫಿನೀಷಿಯನ್ನರ ‘ಕೋಫ್’ ಎಂಬ ಅಕ್ಷರವೇ ಒಂದು ಕವಲಿನಲ್ಲಿ ಗ್ರೀಕ್, ಲ್ಯಾಟಿನ್ ದಾಟಿ ಕ್ಯೂ ಆಗಿದೆ, ಇನ್ನೊಂದು ಕವಲಿನಲ್ಲಿ ಅರಬ್ಬಿಯ ಖಾಫ್ ಆಗಿದೆ.

ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಪದ ಕನಾತ್. ನೆಲದಡಿಯ ನೀರಿನ ಸುರಂಗಕ್ಕೆ ಆ ಹೆಸರು. ಇಳಿಜಾರಿನ ಮೇಲ್ಭಾಗದಲ್ಲಿ ಅಂತರ್ಜಲ ಸಿಗುವವರೆಗೆ ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಇಳುಕಲಿನಲ್ಲಿ ಸುರಂಗ ಕೊರೆಯುತ್ತಾರೆ. ಗಾಳಿಯಾಡಲು, ಮಣ್ಣು ಮೇಲೆತ್ತಲು ದಾರಿಯುದ್ದಕ್ಕೂ ಬಾವಿಗಳು. ಎತ್ತು, ಏತ, ಪಂಪು ಯಾವುದೂ ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಇರಾನಿನ ಗೊನಾಬಾದ್‌ನ ಕನಾತ್ 33 ಕಿಲೋಮೀಟರ್ ಉದ್ದವಿದೆ, ಅದರ ತಾಯಿಬಾವಿಯ ಆಳ 300 ಮೀಟರಿಗೂ ಹೆಚ್ಚು. 2016ರಲ್ಲಿ ಯುನೆಸ್ಕೊ ಇರಾನಿನ 11 ಕನಾತ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪದದ ಬೇರು ಇನ್ನೂ ಆಳ. ಪ್ರಾಚೀನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ‘ಕನು’ ಎಂದರೆ ಜೊಂಡು, ಒಳಗೆ ಟೊಳ್ಳಾದ ದಂಟು. ಅದೇ ಮೂಲದ ಪದ ಗ್ರೀಕಿನಲ್ಲಿ ‘ಕನ್ನ’, ಲ್ಯಾಟಿನ್ನಿನಲ್ಲಿ ‘ಕನಾಲಿಸ್’ ಆಗಿ, ಇಂಗ್ಲಿಷಿಗೆ ಬಂದು ಕೇನ್, ಕೆನಾಲ್, ಚಾನೆಲ್ ಆಯಿತು. ಅಂದರೆ ಕೆನಾಲ್ ಮತ್ತು ಕನಾತ್ ಒಂದೇ ಮನೆತನದವು. ಒಂದು ಯುರೋಪು ಸುತ್ತಿ ಸಿ ಹೊತ್ತು ಬಂದಿದೆ, ಇನ್ನೊಂದು ಅರಬ್ಬಿಯಿಂದ ನೇರವಾಗಿ ಕ್ಯೂ ಹೊತ್ತು ಬಂದಿದೆ. ಅರಬ್ಬಿಯಲ್ಲಿ ಸೂಯೆಜ್ ಕಾಲುವೆಯೂ ಕನಾತ್, ಟಿವಿ ಚಾನೆಲ್ಲೂ ಕನಾತ್.

ಈ ಸುರಂಗ ನೋಡಲು ಇರಾನಿಗೇ ಹೋಗಬೇಕಿಲ್ಲ. ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ್ದೊಂದಿದೆ. ಅದಕ್ಕೆ ಪಾರಸಿ ಹೆಸರು ಕರೇಜ್, ಊರವರ ಬಾಯಲ್ಲಿ ಸುರಂಗ ಬಾವಿ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಕಲ್ಲಿನ ಹಾಸಿನ ಮೇಲೆ ನಿಲ್ಲುತ್ತದೆ. ಪಾರಸಿ ವಿದ್ಯೆ ಬಲ್ಲವರು ಅದನ್ನು ಅರಿತು ಎರಡು ಕಿಲೋಮೀಟರಿಗೂ ಉದ್ದಕ್ಕೆ ಸುರಂಗ ಕೊರೆದರು. ವಿಜಯಪುರದಲ್ಲಿ ಆದಿಲ್‌ಶಾಹಿಗಳೂ ಇದೇ ವಿದ್ಯೆಯಿಂದ ಊರಿಗೆ ನೀರು ತಂದರು.

ವಿದ್ಯೆಯ ಹಾಗೆ ಆ ಅರಬ್ಬಿ ಸದ್ದೂ ಪಾರಸಿಯ ಮೂಲಕ ನಮ್ಮಲ್ಲಿಗೆ ಬಂತು. ಕಾಯಿದೆ, ಕರಾರು, ಕಸಬಾ, ಕೈದಿ, ತಾಲ್ಲೂಕು, ಇವೆಲ್ಲದರ ಮೂಲದಲ್ಲೂ ಖಾಫ್ ಇದೆ. ಕನ್ನಡ ಅದನ್ನು ತನ್ನ ಕಕಾರದಲ್ಲಿ ಕರಗಿಸಿಕೊಂಡಿತು. ಹಾಗಾಗಿ ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಹೋಗುವವರು ಯಾರೂ ಅರಬ್ಬಿ ಪದ ಆಡುತ್ತಿದ್ದೇವೆಂದು ಅಂದುಕೊಳ್ಳುವುದಿಲ್ಲ, ಅಂದುಕೊಳ್ಳಬೇಕಾಗಿಯೂ ಇಲ್ಲ. ಅದು ನಮ್ಮ ಪದವೇ. ಇಂಗ್ಲಿಷಿನ ಕಾಗುಣಿತ ಮಾತ್ರ ಬಂದ ದಾರಿಯ ಗುರುತನ್ನು ಅಳಿಸದೆ ಉಳಿಸಿಕೊಂಡಿದೆ.

ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಮಾತನಾಡಲು ಬಾರದೆಯೇ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪಟ್ಟ ಗೆದ್ದರು. ಆಟಕ್ಕೆ ಅರ್ಥ ಬೇಡ, ಅಕ್ಷರ ಸಾಕು. ಅವರ ನೆನಪಿನ ಶಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಇಂಗ್ಲಿಷ್ ಕಲಿಯಲೆಂದು ಇಂಥ ಪಟ್ಟಿ ಹಿಡಿದು ಕೂರುವ ನಮ್ಮ ಮಕ್ಕಳಿಗೆ ಅಕ್ಷರ ಸಾಲದು. ಆರು ಪದ ಕೊಟ್ಟು ಉರುಹೊಡೆಸುವ ಬದಲು ಒಂದನ್ನು ಕೊಟ್ಟು, ಇಲ್ಲಿ ಯು ಯಾಕಿಲ್ಲ ಎಂದು ಕೇಳಿ. ಉತ್ತರ ಹುಡುಕುತ್ತ ಹೊರಟ ಮಗುವಿಗೆ ಒಂದು ಲಿಪಿಯ ಚರಿತ್ರೆ, ಒಂದು ಮರುಭೂಮಿಯ ಜಾಣ್ಮೆ, ಬೀದರಿನ ನೆಲದ ಗುಣ, ಎಲ್ಲವೂ ಆ ಒಂದೇ ಪದದಲ್ಲಿ ಸಿಗುತ್ತವೆ. ಹಾಗೆ ಕಲಿತ ಪದ ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.