ಮೂರನೆಯ ದನಿ: ದಕ್ಷಿಣ ಬೆಂಗಳೂರಿನ ದೂರವೈದ್ಯ ಸಮಾಲೋಚನೆಯಲ್ಲಿ ಆರೈಕೆದಾರರ ಸ್ಥಾನ

ಭಾರತದ ದೂರವೈದ್ಯವನ್ನು ಕುರಿತ ಬರಹಗಳು ಬಹುಮಟ್ಟಿಗೆ ಹಳ್ಳಿಯಿಂದ ಹೊರಡುತ್ತವೆ. ಸಂಜಿತ್ ಬಾಗ್ಚಿ 2006ರಲ್ಲಿ ‘ಪ್ಲಾಸ್ ಮೆಡಿಸಿನ್’ ಪತ್ರಿಕೆಗೆ ಬರೆದ, ಈಗಲೂ ಉಲ್ಲೇಖಗೊಳ್ಳುವ ಲೇಖನದ ಶೀರ್ಷಿಕೆಯಲ್ಲೇ ಗ್ರಾಮೀಣ ಭಾರತವಿದೆ. ಕರ್ನಾಟಕದ ಮಟ್ಟಿಗೆ ಈ ನೋಟಕ್ಕೆ ಆಧಾರವಾದದ್ದು 2002ರ ಪ್ರಯೋಗ: ಬೊಮ್ಮಸಂದ್ರದ ನಾರಾಯಣ ಹೃದಯಾಲಯವನ್ನು ಇಸ್ರೋದ ಉಪಗ್ರಹ ಸಂಪರ್ಕವು ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿತು. ತಜ್ಞರು ನಗರದಲ್ಲಿ, ರೋಗಿ ಹಳ್ಳಿಯಲ್ಲಿ, ನಡುವೆ ಮೈಲಿಗಳ ಅಂತರ. 2019ರ ನವೆಂಬರಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿಯ ಹಿಂದಿರುವುದೂ ಇದೇ ಚಿತ್ರ. ಆ ಊರುಗಳಿಗೆ ಅದು ಒಪ್ಪುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಅದೇ ಚಿತ್ರವನ್ನು ಜಯನಗರಕ್ಕೂ ತಂದು ಹೊಂದಿಸುವುದರ ಬಗ್ಗೆ. ಜಯನಗರ ಒಂಬತ್ತನೇ ಬ್ಲಾಕಿನ ಅಂಚಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆ, ಬೈರಸಂದ್ರದಲ್ಲಿ ಸಂಜಯ ಗಾಂಧಿ ಆಸ್ಪತ್ರೆ, ನಾಲ್ಕನೇ ‘ಟಿ’ ಬ್ಲಾಕಿನಲ್ಲಿ ಜನರಲ್ ಆಸ್ಪತ್ರೆ, ಆಚೆಗೆ ಹೊಸೂರು ರಸ್ತೆಯ ಕಡೆ ನಿಮ್ಹಾನ್ಸ್ ಮತ್ತು ಕಿದ್ವಾಯಿ. ದೇಶದಲ್ಲಿ ಇಷ್ಟು ತಜ್ಞ ಆಸ್ಪತ್ರೆಗಳು ಇಷ್ಟು ಹತ್ತಿರ ಇರುವ ಬಡಾವಣೆಗಳು ಹೆಚ್ಚಿಲ್ಲ. 2017ರಿಂದ ಹಸಿರು ಮಾರ್ಗದ ಮೆಟ್ರೊ ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಮುಟ್ಟುತ್ತಿದೆ, 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಜಯದೇವ, ಬಿಟಿಎಂ ಬಡಾವಣೆಯ ಮೂಲಕ ಬೊಮ್ಮಸಂದ್ರಕ್ಕೇ ಹೋಗುತ್ತದೆ. ಆದರೂ ಇಲ್ಲಿನ ಮನೆಗಳಲ್ಲಿ ವೈದ್ಯರಿಗೆ ವಿಡಿಯೊ ಕರೆಯಲ್ಲಿ ತೋರಿಸುವುದು ರೂಢಿಯಾಗಿದೆ. ಸಿಲ್ಕ್ ಬೋರ್ಡಿನ ವಾಹನದಟ್ಟಣೆ ಇದಕ್ಕೆ ಅರ್ಧ ಉತ್ತರವಷ್ಟೇ. ಉಳಿದರ್ಧ ಮನೆಯೊಳಗಿದೆ. ವಯಸ್ಸಾದ ತಂದೆತಾಯಿ ಇಲ್ಲಿ, ಮಗ ವೈಟ್‌ಫೀಲ್ಡಿನಲ್ಲೋ ಮಗಳು ನ್ಯೂಜೆರ್ಸಿಯಲ್ಲೋ. ರೋಗಿಗೂ ವೈದ್ಯರಿಗೂ ಇರುವ ದೂರಕ್ಕಿಂತ ರೋಗಿಗೂ ಆರೈಕೆಯ ಹೊಣೆ ಹೊತ್ತವರಿಗೂ ಇರುವ ದೂರವೇ ಇಲ್ಲಿ ದೊಡ್ಡದು. ವಿಡಿಯೊ ಕರೆ ದಾಟಿಸುವುದು ಮುಖ್ಯವಾಗಿ ಅದನ್ನು. ಇದು ಎಣಿಕೆಯ ಮೇಲೆ ನಿಂತ ವಾದವಲ್ಲ. ಆದರೆ ಇದನ್ನು ಒಪ್ಪಿದರೆ, ಈವರೆಗಿನ ಚರ್ಚೆ ಬದಿಗಿಟ್ಟ ಒಂದು ನಿಯಮ ಮುನ್ನೆಲೆಗೆ ಬರುತ್ತದೆ.

2020ರ ಮಾರ್ಚ್ 25ರಂದು, ದೇಶ ಲಾಕ್‌ಡೌನಿಗೆ ಒಳಗಾದ ದಿನವೇ, ದೂರವೈದ್ಯ ಮಾರ್ಗಸೂಚಿ ಹೊರಬಿತ್ತು. 2002ರ ವೈದ್ಯರ ನಡಾವಳಿ ನಿಯಮಗಳಿಗೆ ಐದನೇ ಅನುಬಂಧವಾಗಿ ಸೇರಿತು. ಅದಕ್ಕೂ ಮೊದಲಿನ ಅಳುಕು ಸಣ್ಣದಾಗಿರಲಿಲ್ಲ: ರೋಗಿಯನ್ನು ಖುದ್ದು ನೋಡದೆ ಫೋನಿನಲ್ಲಿ ಔಷಧಿ ಹೇಳಿದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟು 2018ರಲ್ಲಿ ವೈದ್ಯ ದಂಪತಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿತ್ತು. 2023ರ ಆಗಸ್ಟ್ 2ರಂದು ಬಂದ ಹೊಸ ನಿಯಮಗಳನ್ನು ಅದೇ ತಿಂಗಳ 23ರಂದು ತಡೆಹಿಡಿದ ಕಾರಣ 2020ರ ಪಠ್ಯಕ್ಕೇ ಮರಳಬೇಕಾಗುತ್ತದೆ. ಔಷಧಿಗಳ ಪಟ್ಟಿ, ಆರು ತಿಂಗಳೊಳಗಿನ ಮರುಭೇಟಿಗೂ ಮೊದಲ ಭೇಟಿಗೂ ಮಾಡಿದ ಭೇದ, ಇವುಗಳ ಬಗ್ಗೆ ಸಾಕಷ್ಟು ಬರೆದಾಗಿದೆ.

ಬರೆಯದೆ ಉಳಿದದ್ದು ಆರೈಕೆದಾರರ ಭಾಗ. ಮಾರ್ಗಸೂಚಿಯ ಪ್ರಕಾರ ಆರೈಕೆದಾರರೆಂದರೆ ಮನೆಯವರು ಅಥವಾ ರೋಗಿ ಅಧಿಕಾರ ಕೊಟ್ಟವರು. ರೋಗಿ ಅವರ ಜೊತೆಗೇ ಇದ್ದರೆ ತೊಡಕಿಲ್ಲ. ಇಲ್ಲದಿದ್ದರೆ, ರೋಗಿ ಹದಿನಾರರೊಳಗಿನ ಮಗುವಾಗಿರಬೇಕು ಅಥವಾ ಡಿಮೆನ್ಶಿಯಾದಂಥ ಅಸಮರ್ಥತೆ ಇರಬೇಕು. ಉಳಿದ ಎಲ್ಲರ ವಿಷಯದಲ್ಲಿ ವಿಧಿವತ್ತಾದ ಅಧಿಕಾರಪತ್ರವೋ ಸಂಬಂಧ ತೋರಿಸುವ ಪರಿಶೀಲಿತ ದಾಖಲೆಯೋ ಬೇಕು, ಇಲ್ಲವೇ ಹಿಂದಿನ ಖುದ್ದು ಭೇಟಿಯಲ್ಲಿ ರೋಗಿಯೇ ಅವರನ್ನು ಗುರುತಿಸಿರಬೇಕು. ಇನ್ನೊಂದು ಎಳೆ: ಕರೆಯನ್ನು ರೋಗಿಯೇ ಆರಂಭಿಸಿದರೆ ಸಮ್ಮತಿ ಇದೆಯೆಂದೇ ಲೆಕ್ಕ, ಆರೈಕೆದಾರರು ಆರಂಭಿಸಿದರೆ ರೋಗಿಯ ಸ್ಪಷ್ಟ ಸಮ್ಮತಿ ಬೇಕು, ಅದನ್ನು ವೈದ್ಯರು ದಾಖಲಿಸಬೇಕು.

ಈಗ ಜಯನಗರದ ಮನೆಯನ್ನು ನೋಡೋಣ. ಬುದ್ಧಿ ಚುರುಕಾಗಿರುವ, ಮೊಬೈಲ್ ಆ್ಯಪ್ ಮಾತ್ರ ಒಗ್ಗದ ತಾಯಿ. ಸಮಯ ಗೊತ್ತುಮಾಡಿ ಹಣ ಕಟ್ಟಿದವಳು ಮಗಳು. ಕರೆಗೆ ತಾಯಿ, ಮಗಳು, ವೈದ್ಯರು ಮೂವರೂ ಸೇರುತ್ತಾರೆ, ಒಬ್ಬೊಬ್ಬರು ಒಂದೊಂದು ಕಡೆಯಿಂದ. ರೋಗಿ ಆರೈಕೆದಾರರ ‘ಜೊತೆಗಿದ್ದಾರೆ’ ಎನ್ನಬಹುದೆ? ಇದ್ದಾರೆ ಎನ್ನುವವರು ಪರದೆಯ ಮೇಲಿನ ಹಾಜರಿಯೇ ಸಾಕೆನ್ನುತ್ತಾರೆ. ನನಗೆ ಇದು ಸಡಿಲವಾದ ಓದು ಎನಿಸುತ್ತದೆ. ಪಕ್ಕದಲ್ಲಿ ಕುಳಿತವರು ಊದಿದ ಕಾಲನ್ನು ಒತ್ತಿ ತೋರಿಸಬಲ್ಲರು, ತೆಗೆದುಕೊಳ್ಳುತ್ತಿರುವ ಮಾತ್ರೆಯ ಪಟ್ಟಿಯನ್ನು ಕ್ಯಾಮೆರಾದ ಮುಂದೆ ಹಿಡಿಯಬಲ್ಲರು. ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಎರಡೂ ಆಗದು. ಇನ್ನು ಕೆಲವರು ಭಾರತದ ವ್ಯಾಪ್ತಿಯಾಚೆಗಿನ ಸಮಾಲೋಚನೆಯನ್ನು ಮಾರ್ಗಸೂಚಿ ಹೊರಗಿಟ್ಟಿರುವುದನ್ನು ಮುಂದಿಟ್ಟು ಇಂಥ ಕರೆಯೇ ಸಲ್ಲದು ಎನ್ನಬಹುದು. ಅದೂ ಅತಿಯಾಯಿತು. ರೋಗಿ ಇಲ್ಲಿದ್ದಾರೆ, ವೈದ್ಯರು ಇಲ್ಲಿದ್ದಾರೆ; ಮೂರನೆಯ ದನಿ ಎಲ್ಲಿಂದ ಬಂದರೂ ಸಮಾಲೋಚನೆ ನಡೆಯುವುದು ಇಲ್ಲೇ.

ನನ್ನ ಸೂಚನೆ ಇವೆರಡರ ನಡುವಿನದು, ಅದನ್ನು ಅಳುಕಿನಿಂದಲೇ ಇಡುತ್ತೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಕರು ಬಿಳಿಹಾಳೆಯ ಮೇಲೆ ಬರೆದು, ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಹಾಕಿ, ತಮಗೆ ನಾಮಿತ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು. ಮಾರ್ಗಸೂಚಿ ಹೇಳುವ ‘ವಿಧಿವತ್ತಾದ ಅಧಿಕಾರಪತ್ರ’ಕ್ಕೆ ಇಂಥ ಹಾಳೆಯೊಂದು ಸಾಕೆಂದು ಓದಲು ಅವಕಾಶವಿದೆ. ಆ ಕಾಯ್ದೆಯ ವ್ಯಾಪ್ತಿ ಮಾನಸಿಕ ಆರೋಗ್ಯಸೇವೆಗೆ ಸೀಮಿತವೆಂಬುದು ನಿಜ. ನಾನು ತೋರಿಸುತ್ತಿರುವುದು ಹೋಲಿಕೆಯನ್ನು, ವಿಧಿಯನ್ನಲ್ಲ. ಅಸಮರ್ಥತೆ ಇನ್ನೂ ಬಾರದ ವೃದ್ಧರಿಗೆ ಮಾತ್ರ ಇದು ಅನ್ವಯ. ಹಾಗೆ ಬರೆದುಕೊಟ್ಟರೂ ಪ್ರತಿ ಕರೆಯ ಮೊದಲಿಗೆ ತಾಯಿಯ ಬಾಯಿಂದಲೇ ಸಮ್ಮತಿ ಕೇಳುವ ಹೊಣೆ ವೈದ್ಯರಿಗೆ ತಪ್ಪದು. ಇಷ್ಟೆಲ್ಲ ಷರತ್ತುಗಳ ನಡುವೆಯೂ ಈ ಓದಿಗೆ ಒಂದು ಬಲವಿದೆ: ಪ್ರತಿನಿಧಿ ಯಾರೆಂಬ ತೀರ್ಮಾನವನ್ನು ಅದು ಹಣ ಕಟ್ಟಿದವರ ಕೈಯಿಂದ ರೋಗಿಯ ಕೈಗೆ ಮರಳಿಸುತ್ತದೆ.

ಆ ಮರಳಿಕೆ ಏಕೆ ಮುಖ್ಯವೆಂದರೆ, ಕ್ಲಿನಿಕ್ಕಿನಲ್ಲಿ ಅನುಭವಿ ವೈದ್ಯರು ಜೊತೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುತ್ತಾರೆ. ಮೂತ್ರ ಹಿಡಿದಿಡಲಾಗದ ತೊಂದರೆಯನ್ನು, ಮಾತ್ರೆ ಬಿಟ್ಟದ್ದನ್ನು, ಮನಸ್ಸು ಕುಗ್ಗಿರುವುದನ್ನು ಮಗನ ಎದುರು ಹೇಳಲು ಎಷ್ಟೋ ತಾಯಂದಿರಿಗೆ ನಾಲಿಗೆ ಏಳದು. ವಿಡಿಯೊ ಕರೆಯಲ್ಲಿ ಕೊಂಡಿ ಇರುವುದೇ ಮಗನ ಬಳಿ. ಹೊರಗೆ ಕೂರಿಸುವುದು ಹೇಗೆ? ಸಮಾಲೋಚನೆಯನ್ನು ಯಾವ ಹಂತದಲ್ಲಾದರೂ ನಿಲ್ಲಿಸುವ ಹಕ್ಕನ್ನು ಮಾರ್ಗಸೂಚಿ ರೋಗಿಗೆ ಕೊಟ್ಟಿದೆ. ಆದರೆ ವೈದ್ಯರ ಬಳಿ ಒಬ್ಬರೇ ಮಾತಾಡಲು ಬಯಸುವ ತಾಯಿಗೆ ಬೇಕಾದದ್ದು ಕರೆ ನಿಲ್ಲಿಸುವ ಹಕ್ಕಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಈ ತೊಡಕು ಕಡಿಮೆ: 14416ಕ್ಕೆ ಫೋನು ಮಾಡಲು ಆ್ಯಪ್ ಬೇಡ, ಮಗನ ಮುಂಗಡ ಕಾದಿರಿಸುವಿಕೆಯೂ ಬೇಡ. ಉಳಿದ ವಿಡಿಯೊ ಸಮಾಲೋಚನೆಗಳಲ್ಲಿ ಮೊದಲ ಐದು ನಿಮಿಷವಾದರೂ ರೋಗಿಯೊಬ್ಬರಿಗೇ ಮೀಸಲಿಡುವುದು ಕಡ್ಡಾಯವಾಗಬೇಕು.

ಒಂದು ಪ್ರಶ್ನೆ ಈ ಲೇಖನದ ಹಿಡಿತಕ್ಕೆ ಸಿಗದೆ ಉಳಿದಿದೆ. ಇಂಥ ಮನೆಗಳಲ್ಲಿ ಬಿ.ಪಿ. ನೋಡಿ ವೈದ್ಯರಿಗೆ ಅಂಕಿ ಓದಿ ಹೇಳುವವರು ಸಂಬಳಕ್ಕೆ ಬರುವ ಆರೈಕೆಯ ಹೆಂಗಸರು. ಮಾರ್ಗಸೂಚಿಯ ‘ಆರೋಗ್ಯ ಕಾರ್ಯಕರ್ತೆ’ಯೆಂದರೆ ನರ್ಸು, ಎಎನ್ಎಂ ಅಥವಾ ಸಂಬಂಧಪಟ್ಟ ಪ್ರಾಧಿಕಾರ ಗೊತ್ತುಪಡಿಸಿದವರು, ಇವರು ಆ ಸಾಲಿಗೆ ಬರುವುದಿಲ್ಲ. ರೋಗಿ ಅಧಿಕಾರ ಕೊಟ್ಟರೆ ಆರೈಕೆದಾರರಾಗಬಹುದು, ಆದರೆ ಅವರನ್ನು ನೇಮಿಸಿದವರು ಸಾಮಾನ್ಯವಾಗಿ ಮಕ್ಕಳು. ತಪ್ಪು ಅಂಕಿಯಿಂದ ತಪ್ಪು ಔಷಧಿಯಾದರೆ ಹೊಣೆ ಅವರದೋ, ನೇಮಿಸಿದವರದೋ, ಪರದೆಯಲ್ಲಿ ಅದನ್ನು ನಂಬಿದ ವೈದ್ಯರದೋ ಎಂಬುದನ್ನು 2020ರ ಪಠ್ಯವೊಂದರಿಂದಲೇ ತೀರ್ಮಾನಿಸಲಾಗದು.