ಕ್ಲಾರಿಯೊನೆಟ್ಟಿನ ನಾಲಗೆ



ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ನೆಲವೇ ನಿಜವಾಗಿ ಡೊಂಕಾಗಿದ್ದರೆ ಕುಣಿಯುವವಳ ಗತಿಯೇನು ಎಂದು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ. ಅದನ್ನು ನನಗೆ ಕಲಿಸಿದವನು ನಮ್ಮ ಶಾಲೆಯ ಬ್ಯಾಂಡಿನ ಒಬ್ಬ ಹುಡುಗ.

ಹಲವು ವರ್ಷಗಳ ಹಿಂದೆ ಕನ್ನಡ ಪಾಠದ ಜೊತೆಗೆ ಬ್ಯಾಂಡಿನ ಮೇಲ್ವಿಚಾರಣೆಯೂ ನನ್ನ ಪಾಲಿಗೆ ಬಂದಿತ್ತು. ಆ ಹುಡುಗ ಕ್ಲಾರಿಯೊನೆಟ್ ಹಿಡಿದು ಮುಖ ಕೆಂಪೇರುವಂತೆ ಊದುತ್ತಿದ್ದ. ಹೊರಡುತ್ತಿದ್ದುದು ಬರಿಯ ಉಸಿರಿನ ಸದ್ದು. “ಸಾರ್, ವಾದ್ಯ ಸರಿಯಿಲ್ಲ” ಎಂದ. ನಾನು ಗಾದೆ ಹೇಳಿದೆ. ಉಳಿದ ಮಕ್ಕಳು ನಕ್ಕರು. ಮರುವಾರದಿಂದ ಅವನು ಬರಲಿಲ್ಲ. ಕೆಲವು ದಿನಗಳ ಮೇಲೆ, ಬ್ಯಾಂಡಿನಲ್ಲಿ ನುರಿತ ಹಿರಿಯರೊಬ್ಬರು ಅದೇ ವಾದ್ಯವನ್ನು ಊದಿ ನೋಡಿ, “ಮೇಷ್ಟ್ರೇ, ಈ ರೀಡು ನನಗೇ ಬಗ್ಗುವುದಿಲ್ಲ, ಮಗು ಹೇಗೆ ಊದೀತು?” ಎಂದರು. ರೀಡಿನ ಮೇಲೆ 4 ಎಂಬ ಅಂಕಿ ಅಚ್ಚಾಗಿತ್ತು. ಆ ಅಂಕಿಯ ಅರ್ಥವನ್ನು ಹುಡುಕಿ ಹೊರಟವನಿಗೆ ಮುನ್ನೂರು ವರ್ಷಗಳ ಕಥೆಯೇ ಎದುರಾಯಿತು.

ಮದುವೆಯ ಮನೆಯಲ್ಲಿ ನಾಗಸ್ವರಕ್ಕೆ ದಾರ ಕಟ್ಟಿ ತೂಗುಬಿಟ್ಟ ಸೀವಾಳಿಗಳನ್ನು ತಾವು ಕಂಡಿರಬಹುದು. ಅದು ಬರಿಯ ಅಲಂಕಾರವಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಸಿದ್ಧವಾಗಿರಬೇಕು. ನಾಗಸ್ವರಕ್ಕೆ ಜೋಡಿ ನಾಲಗೆ, ಕ್ಲಾರಿಯೊನೆಟ್ಟಿಗೆ ಒಂಟಿ ನಾಲಗೆ. ಈ ನಾಲಗೆಯೇ ರೀಡು. ಬಿದಿರಿನ ಹಾಗೆ ಗಿಣ್ಣುಗಳುಳ್ಳ ‘ಅರುಂಡೊ ಡೋನಾಕ್ಸ್’ ಎಂಬ ಜೊಂಡನ್ನು ಒಣಗಿಸಿ, ಸೀಳಿ, ತುದಿಯನ್ನು ಕೂದಲೆಳೆಯಷ್ಟು ತೆಳ್ಳಗೆ ಹೆರೆದು ಮಾಡಿದ ದಬ್ಬೆ ಅದು. ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತದ ಜೊಂಡು ಇದಕ್ಕೆ ಹೆಸರಾದದ್ದು. ಉಸಿರು ತಾಗಿ ಈ ದಬ್ಬೆ ಅದಿರಿದರೆ ನಾದ. ಅದಿರದಿದ್ದರೆ ಎಂಥ ವಿದ್ವಾಂಸನೂ ಮೂಕ.

ಜರ್ಮನಿಯ ನ್ಯೂರೆಂಬರ್ಗ್ ನಗರದ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬಾತ 1700ರ ಸುಮಾರಿಗೆ ಶಾಲುಮೊ ಎಂಬ ಹಳೆಯ ವಾದ್ಯವನ್ನು ತಿದ್ದಿ ಕ್ಲಾರಿಯೊನೆಟ್ಟಿಗೆ ರೂಪ ಕೊಟ್ಟನೆಂದು ಪ್ರತೀತಿ. ಆಗ ರೀಡನ್ನು ದಾರದಿಂದ ಸುತ್ತಿ ಬಿಗಿಯುತ್ತಿದ್ದರು. ಅದು ಮೇಲ್ದುಟಿಗೆ ತಾಗುವಂತೆ ಹಿಡಿದು ಊದುವವರೂ ಬಹಳ ಮಂದಿಯಿದ್ದರು. 1831ರಲ್ಲಿ ಫ್ರೆಡರಿಕ್ ಬೇರ್ ಪ್ಯಾರಿಸ್ಸಿನ ಸಂಗೀತ ವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ ಮೇಲೆ ಅಲ್ಲಿ ರೀಡು ಕೆಳದುಟಿಗೆ ಇಳಿಯಿತು. ಆ ದಿನಗಳಲ್ಲಿ ವಾದಕ ತನ್ನ ರೀಡನ್ನು ತಾನೇ ಕೆತ್ತಿಕೊಳ್ಳುವುದು ಸಾಮಾನ್ಯ ರೂಢಿ. ಯಾವ ದಬ್ಬೆ ಒಳ್ಳೆಯದು, ಎಲ್ಲಿ ಹೆರೆದರೆ ದನಿ ತೆರೆದೀತು ಎಂಬುದನ್ನು ಅವನ ಬೆರಳೇ ಬಲ್ಲುದಾಗಿತ್ತು.

ಮುಂದೆ ಈ ಕೆಲಸ ಕಾರ್ಖಾನೆಗೆ ಹೋಯಿತು. ಪ್ಯಾರಿಸ್ ಆಪೆರಾದ ವಾದಕ ಯೂಜಿನ್ ವಾನ್ ಡೋರೆನ್ 1905ರಲ್ಲಿ ಆರಂಭಿಸಿದ ರೀಡಿನ ಉದ್ಯಮ ಇಂದಿಗೂ ನಡೆದಿದೆ. ಹೀಗೆ ಸೌಕರ್ಯವೇನೋ ಬಂತು. ಆದರೆ ಬೆರಳಿನಲ್ಲಿದ್ದ ತಿಳಿವಳಿಕೆ ಮೆಲ್ಲನೆ ಜಾರಿ, ಅದರ ಸ್ಥಾನದಲ್ಲಿ ಒಂದು ಅಂಕಿ ಉಳಿಯಿತು.

ಆ ಅಂಕಿ ಹೇಳುವುದು ರೀಡಿನ ದಪ್ಪವನ್ನಲ್ಲ, ಗುಣವನ್ನೂ ಅಲ್ಲ, ಬಿರುಸನ್ನು ಮಾತ್ರ. ಯಂತ್ರ ಎಲ್ಲ ದಬ್ಬೆಗಳನ್ನೂ ಒಂದೇ ಅಳತೆಗೆ ಹೆರೆಯುತ್ತದೆ. ಜೊಂಡಿನ ನಾರು ಒಂದರ ಹಾಗೆ ಇನ್ನೊಂದಿಲ್ಲವಾದುದರಿಂದ, ಹೆರೆದ ಮೇಲೆ ಪ್ರತಿಯೊಂದೂ ಎಷ್ಟು ಬಾಗುವುದೆಂದು ನೋಡಿ ಅಂಕಿ ಹಾಕುತ್ತಾರೆ. ಅಂಕಿ ಏರಿದಂತೆ ಬಿರುಸು ಏರುತ್ತದೆ. 4 ಎಂದರೆ ಪಳಗಿದ ತುಟಿಯವರಿಗೆ. ಹೊಸಬರಿಗೆ 2 ಅಥವಾ 2½ ಸಾಕು. ಒಂದು ಕಂಪನಿಯ 2½ ಇನ್ನೊಂದರ 2½ಕ್ಕೆ ಸಮವೆಂದೂ ನಂಬುವಂತಿಲ್ಲ. ರೀಡು ತೀರ ಬಿರುಸಾದರೆ ದನಿಯಲ್ಲಿ ಉಸಿರು ಬೆರೆತು ತುಟಿ ಬೇಗ ಸೋಲುತ್ತದೆ. ತೀರ ಮೆದುವಾದರೆ ದನಿ ಸೀಳಿ, ತಾರಸ್ಥಾಯಿಯಲ್ಲಿ ಶ್ರುತಿ ಇಳಿಯುತ್ತದೆ.

ಕೊಳ್ಳುವಾಗ ಕಣ್ಣಿಗೂ ಕೆಲಸ ಕೊಡಬೇಕು. ಸಿಪ್ಪೆಯ ಬಣ್ಣ ಮಾಗಿದ ಹುಲ್ಲಿನ ಹೊಂಬಣ್ಣವಾಗಿರಲಿ. ಹಸಿರು ಇಣುಕಿದರೆ ಜೊಂಡು ಎಳೆಯದೆಂದು ತಿಳಿಯಿರಿ. ಬೆಳಕಿಗೆ ಹಿಡಿದರೆ ಹೆರೆದ ಭಾಗದ ನಡುವಿನ ದಟ್ಟ ನೆರಳು ಎಡಬಲಗಳಲ್ಲಿ ಸಮನಾಗಿ ಕಾಣಬೇಕು, ನಾರು ನೇರವಾಗಿರಬೇಕು. ಚಪ್ಪಟೆಯ ಬದಿಯನ್ನು ಗಾಜಿನ ಮೇಲಿಟ್ಟರೆ ಅಲುಗಬಾರದು. ಇಷ್ಟಾದರೂ ಒಂದೇ ಡಬ್ಬಿಯ ಹತ್ತು ರೀಡುಗಳು ಹತ್ತು ಬಗೆಯಾಗಿರುವುದುಂಟು. ಆದುದರಿಂದ ಒಂದನ್ನೇ ಕೊಂಡು ನೆಚ್ಚಬಾರದು. ನಾಲ್ಕಾರನ್ನು ಇಟ್ಟುಕೊಂಡು, ಒಂದೊಂದನ್ನೂ ನೆನೆಸಿ ಮೊದಲ ದಿನಗಳಲ್ಲಿ ಕೆಲವೇ ನಿಮಿಷ ನುಡಿಸಿ, ಬುಡದಲ್ಲಿ ಪೆನ್ಸಿಲಿನಿಂದ ಗುರುತು ಮಾಡಬೇಕು. ಒಳ್ಳೆಯವನ್ನು ದಿನಕ್ಕೊಂದರಂತೆ ಸರದಿಯಲ್ಲಿ ಬಳಸಬೇಕು. ನುಡಿಸಿದ ಮೇಲೆ ಒರೆಸಿ, ಚಪ್ಪಟೆಯಾಗಿ ಒಣಗಲು ಬಿಡಬೇಕು.

ಬಂಟ್ವಾಳದ ಕಡೆಯ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು ಅದನ್ನು ಕಚೇರಿಯ ವೇದಿಕೆಗೆ ಏರಿಸಿದರು. ಅದಕ್ಕೂ ಕ್ಲಾರಿಯೊನೆಟ್ಟಿನಂತೆ ಒಂಟಿ ನಾಲಗೆಯೇ. ಬಾನುಲಿಯಲ್ಲಿ ಅವರ ಗಮಕಗಳನ್ನು ಕೇಳುವಾಗಲೆಲ್ಲ, ತುಟಿಗೂ ದಬ್ಬೆಗೂ ಒಗ್ಗಿದ ಆ ಸ್ನೇಹವನ್ನು ನೆನೆಯುತ್ತೇನೆ. ನಮ್ಮ ಹುಡುಗನಿಗೆ ಆ ಸ್ನೇಹ ಒಂದು ದಿನವೂ ದೊರೆಯಲಿಲ್ಲ. ನಾನು ಅವನನ್ನು ಮತ್ತೆ ಕರೆದೆ. ಹೊಸ ರೀಡನ್ನೂ ತರಿಸಿಟ್ಟೆ. “ನನಗೆ ಬರೋದಿಲ್ಲ ಸಾರ್” ಎಂದು ನಕ್ಕು ಹೋದ.

ತಮ್ಮ ಮನೆಯ ಮಗು ವಾದ್ಯ ಹಿಡಿದು ದನಿ ಹೊರಡದೆ ಕಣ್ಣು ತುಂಬಿಕೊಂಡರೆ, ಗಾದೆ ಹೇಳುವ ಮೊದಲು ದಯವಿಟ್ಟು ರೀಡನ್ನು ಬೆಳಕಿಗೆ ಹಿಡಿದು ನೋಡಿ.